ಫ್ಯಾನು ಮೈಗೆ, ಕಿಟಕಿ ಮನೆಗೆ

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನಿನ್ನೆ ರಾತ್ರಿ ಎಸಿ ಹಾಕಿಕೊಂಡು ಮಲಗಿದವರು ಎಷ್ಟು ಜನ? ಕೈ ಎತ್ತಿ. ಸರಿ, ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಈಗ ಎರಡನೇ ಪ್ರಶ್ನೆ. ಎಸಿ ಹಾಕುವ ಮುಂಚೆ, ಆ ಹೊತ್ತಿನಲ್ಲಿ ಹೊರಗೆ ಎಷ್ಟು ಸೆಕೆ ಇದೆ ಅಂತ ನೋಡಿದವರು? ಮೂರು ಕೈ ಕಾಣುತ್ತಿವೆ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ಎರಡನೇ ಪ್ರಶ್ನೆಯ ಬಗ್ಗೆಯೇ.

ಕೆಲವು ವರ್ಷಗಳ ಹಿಂದೆ ನಾನೂ ನೋಡುತ್ತಿರಲಿಲ್ಲ. ನಮ್ಮ ತಾಯಿ ಮಲಗುತ್ತಿದ್ದದ್ದು ಮನೆಯ ಮೇಲಿನ ಮಹಡಿಯ ಕೋಣೆಯಲ್ಲಿ. ಒಂದು ಗೋಡೆ ಪಶ್ಚಿಮಕ್ಕೆ, ತಲೆ ಮೇಲೆ ಕಾಂಕ್ರೀಟ್ ತಾರಸಿ. ಅವರಿಗೆ ಎಸಿ ಹಾಕಿದರೆ ಮಂಡಿ ನೋವು, ಹಾಕದಿದ್ದರೆ ನಿದ್ದೆ ಇಲ್ಲ. ಒಂದು ರಾತ್ರಿ ಹತ್ತು ಗಂಟೆಗೆ ನೀರು ಕೊಡಲು ಹೋದಾಗ ಅವರು ಮಂಚದ ಮೇಲೆ ಕೂತು ಗೋಡೆಗೆ ಅಂಗೈ ಒತ್ತಿಕೊಂಡಿದ್ದರು. "ಮುಟ್ಟಿ ನೋಡೋ, ಗೋಡೆಗೆ ಜ್ವರ ಬಂದ ಹಾಗಿದೆ" ಅಂದರು. ಮುಟ್ಟಿದೆ. ನಿಜವಾಗಿಯೂ ಬೆಚ್ಚಗಿತ್ತು. ಕಿಟಕಿ ಹತ್ತಿರ ಹೋಗಿ ಬಾಗಿಲು ತೆರೆದು ಕೈ ಹೊರಗೆ ಚಾಚಿದೆ. ಹೊರಗೆ ತಂಪಾಗಿತ್ತು! ಒಳಗೆ ಗೋಡೆ ಕಾಯುತ್ತಿದೆ, ಹೊರಗೆ ತಣ್ಣನೆ ಗಾಳಿ ಇದೆ, ನಡುವೆ ನಾವೇ ಮುಚ್ಚಿಟ್ಟ ಕಿಟಕಿ. ಎಸಿಯ ತಂಪು ಹೊರಗೆ ಹೋಗಬಾರದು ಅಂತ ಸಂಜೆ ಆರಕ್ಕೇ ಮುಚ್ಚಿದ್ದೆವು.

ಮರುದಿನ ಎರಡು ಥರ್ಮಾಮೀಟರ್ ತಂದೆ. ಒಂದನ್ನು ಅಮ್ಮನ ಕೋಣೆಯಲ್ಲಿ, ಇನ್ನೊಂದನ್ನು ಕಿಟಕಿಯ ಹೊರಗೆ ಬಿಸಿಲು ಬೀಳದ ಕಡೆ ಇಟ್ಟೆ. ಮೊದಲ ಸಂಜೆ ಎಂಟು ಗಂಟೆಗೆ ಒಳಗೆ 33, ಹೊರಗೆ 29. ನಾಲ್ಕು ಡಿಗ್ರಿ ತಂಪು ಪುಕ್ಕಟೆಯಾಗಿ ಕಿಟಕಿಯಾಚೆ ನಿಂತಿತ್ತು. ನಾವು ಕರೆಂಟು ಸುಟ್ಟು ಒಳಗೆ ಅದನ್ನೇ ತಯಾರು ಮಾಡುತ್ತಿದ್ದೆವು.

ಆಮೇಲೆ ನಾನು ಓದಿದ್ದು, ಅಳೆದದ್ದು, ಮನೆಯಲ್ಲಿ ಮಾಡಿ ನೋಡಿದ್ದು ಎಲ್ಲ ಸೇರಿ ಒಂದು ಮಾತಿಗೆ ಬಂದು ನಿಂತಿತು. ಫ್ಯಾನಿನ ಕೆಲಸ ಬೇರೆ, ಕಿಟಕಿಯ ಕೆಲಸ ಬೇರೆ. ಫ್ಯಾನು ಇರುವುದು ನಮ್ಮ ಮೈಗೆ. ಕಿಟಕಿ ಇರುವುದು ಮನೆಗೆ. ಇವೆರಡಕ್ಕೂ ಅವುಗಳ ಕೆಲಸವನ್ನು ಸರಿಯಾದ ಹೊತ್ತಿನಲ್ಲಿ ಕೊಟ್ಟರೆ, ಎಸಿಗೆ ಉಳಿಯುವ ಕೆಲಸ ತುಂಬ ಕಮ್ಮಿ.

ಫ್ಯಾನಿನಿಂದ ಶುರು ಮಾಡೋಣ. ಖಾಲಿ ಕೋಣೆಯಲ್ಲಿ ಫ್ಯಾನು ಹಾಕಿ ಬಾಗಿಲು ಮುಚ್ಚಿ, ಒಂದು ಗಂಟೆ ಬಿಟ್ಟು ಥರ್ಮಾಮೀಟರ್ ನೋಡಿ. ಕೋಣೆ ತಣ್ಣಗಾಗಿರುವುದಿಲ್ಲ. ಕೂದಲೆಳೆಯಷ್ಟು ಬಿಸಿಯೇ ಆಗಿರುತ್ತದೆ, ಯಾಕೆಂದರೆ ಮೋಟಾರು ತಿಂದ ಕರೆಂಟೆಲ್ಲ ಕೊನೆಗೆ ಶಾಖವಾಗಿ ಅದೇ ಕೋಣೆಯಲ್ಲಿ ಉಳಿಯುತ್ತದೆ. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ. ನಮ್ಮನ್ನು ತಂಪು ಮಾಡುತ್ತದೆ.

ಹೇಗೆ? ಸುಮ್ನೆ ಕೂತಿರುವ ಒಬ್ಬ ದೊಡ್ಡ ಮನುಷ್ಯನ ಮೈ ಸುಮಾರು 100 ವ್ಯಾಟ್ ಶಾಖ ಹೊರಹಾಕುತ್ತಿರುತ್ತದೆ. ಹಳೆ ಕಾಲದ ಒಂದು ದೊಡ್ಡ ಬಲ್ಬಿನಷ್ಟು. ಆ ಶಾಖ ಹೊರಗೆ ಹೋಗಲೇಬೇಕು, ಇಲ್ಲದಿದ್ದರೆ ಮೈ ಕಾಯುತ್ತದೆ. ಗಾಳಿ ಅಲುಗಾಡದೆ ಇದ್ದರೆ ಚರ್ಮದ ಸುತ್ತ ಬೆಚ್ಚನೆಯ, ತೇವದ ಒಂದು ಪದರ ನಿಂತುಬಿಡುತ್ತದೆ. ಕಣ್ಣಿಗೆ ಕಾಣದ ಕಂಬಳಿ ಇದ್ದ ಹಾಗೆ. ಫ್ಯಾನು ಆ ಕಂಬಳಿಯನ್ನು ಎಳೆದುಹಾಕುತ್ತದೆ. ಬೆವರು ಆರತೊಡಗುತ್ತದೆ. ಬೆವರು ಆರುವುದು ಸಣ್ಣ ವಿಷಯ ಅಲ್ಲ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖ ಮೈಯಿಂದ ಹೊರಟುಹೋಗುತ್ತದೆ. ಲೆಕ್ಕ ಹಾಕಿ ನೋಡಿ: ಕೂತ ಮನುಷ್ಯನ ಅಷ್ಟೂ ಶಾಖವನ್ನು ಬರೀ ಬೆವರೇ ಹೊತ್ತೊಯ್ಯಬೇಕು ಅಂದರೂ ಗಂಟೆಗೆ 150 ಮಿಲಿಲೀಟರ್ ಸಾಕು. ದೇವರು ಕೊಟ್ಟ ಎಸಿ ನಮ್ಮ ಚರ್ಮದಲ್ಲೇ ಇದೆ. ಅದು ನಡೆಯಲು ಬೇಕಾಗಿರುವುದು ಅಲುಗಾಡುವ ಗಾಳಿ, ಕುಡಿಯಲು ನೀರು.

ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗದಲ್ಲಿ ಗಾಳಿ ಮೈಗೆ ತಾಗಿದರೆ ಕೋಣೆ ಮೂರು ಡಿಗ್ರಿ ತಂಪಾದ ಹಾಗೆ ಅನ್ನಿಸುತ್ತದೆ. ಸೀಲಿಂಗ್ ಫ್ಯಾನು ಮಧ್ಯಮ ವೇಗದಲ್ಲಿ ತಿರುಗಿದರೆ ಅದರ ಕೆಳಗೆ ಇಷ್ಟು ಗಾಳಿ ಸಿಗುತ್ತದೆ. ಇದಕ್ಕೆ ಅದು ತಿನ್ನುವುದು ಎಷ್ಟು? ಹಳೆ ಮಾದರಿಯ ಸೀಲಿಂಗ್ ಫ್ಯಾನು 70ರಿಂದ 75 ವ್ಯಾಟ್. ಈಗ ಬರುತ್ತಿರುವ ಬಿಎಲ್‌ಡಿಸಿ ಫ್ಯಾನು, ಅಂದರೆ ಕರೆಂಟು ಕಮ್ಮಿ ತಿನ್ನುವ ಹೊಸ ಬಗೆಯ ಮೋಟಾರಿನದು, 30 ವ್ಯಾಟ್ ಆಸುಪಾಸು. ಒಂದೂವರೆ ಟನ್ನಿನ ಎಸಿ ಪೂರ್ತಿ ಓಡುವಾಗ ಸುಮಾರು 1,500 ವ್ಯಾಟ್. ಅಂದರೆ ಒಂದು ಎಸಿಯ ಕರೆಂಟಿನಲ್ಲಿ ಹಳೆ ಫ್ಯಾನು ಇಪ್ಪತ್ತು, ಹೊಸದು ಐವತ್ತು ತಿರುಗುತ್ತವೆ.

ಹಾಗಾಗಿ ಯಾರಿಲ್ಲದ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಅದರಿಂದ ಯಾರಿಗೂ ಉಪಯೋಗವಿಲ್ಲ. "ಕೋಣೆ ತಣ್ಣಗಿರಲಿ ಅಂತ ಬಿಟ್ಟಿದೀನಿ" ಅನ್ನುವವರು ತುಂಬ ಜನ ಇದ್ದಾರೆ. ದಯವಿಟ್ಟು ಆರಿಸಿ. ಎದ್ದು ಹೋಗುವಾಗ ಲೈಟು ಆರಿಸಿದಂತೆ ಫ್ಯಾನೂ ಆರಿಸಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ನಮ್ಮ ಚರ್ಮ ಸುಮಾರು 33ರಿಂದ 35 ಡಿಗ್ರಿ ಇರುತ್ತದೆ. ಗಾಳಿ ಅದಕ್ಕಿಂತ ಬಿಸಿಯಾದಾಗ ಫ್ಯಾನು ಒಂದು ಕೈಯಲ್ಲಿ ಬೆವರು ಆರಿಸಿ ತಂಪು ಕೊಡುತ್ತದೆ, ಇನ್ನೊಂದು ಕೈಯಲ್ಲಿ ಬಿಸಿಗಾಳಿ ತಂದು ಮೈಗೆ ಸುರಿಯುತ್ತದೆ. ಸ್ವಲ್ಪ ದೂರದವರೆಗೆ ತಂಪೇ ಗೆಲ್ಲುತ್ತದೆ. 40 ಡಿಗ್ರಿ ದಾಟಿದ ಮೇಲೆ ಫ್ಯಾನು ಮೈಯನ್ನು ಕಾಯಿಸುತ್ತದೆ, ಆಗ ಹಾಕಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಯಸ್ಸಾದವರಿಗೆ ಬೆವರು ಕಮ್ಮಿ. ಕೆಲವು ಔಷಧಿಗಳು ಬೆವರನ್ನು ಇನ್ನೂ ಕಮ್ಮಿ ಮಾಡುತ್ತವೆ. ಅವರಿಗೆ ಈ ಗಡಿ ಇನ್ನೂ ಕೆಳಗೇ ಬರುತ್ತದೆ. ಅಂಥ ದಿನ ಬಟ್ಟೆ ಒದ್ದೆ ಮಾಡಿಕೊಳ್ಳಿ, ಮೈಗೆ ನೀರು ಸವರಿಕೊಳ್ಳಿ, ಎಸಿ ಇದ್ದರೆ ಹಾಕಿ. ಆ ದಿನಕ್ಕೆಂದೇ ಎಸಿ ಇರುವುದು. ಕರೆಂಟು ಉಳಿಸಲು ಹೋಗಿ ಮನೆಯ ಹಿರಿಯರನ್ನು ಬೇಯಿಸುವ ಮಾತು ನಾನು ಆಡುತ್ತಿಲ್ಲ.

ಎಸಿ ಹಾಕಿದಾಗಲೂ ಫ್ಯಾನು ಜೊತೆಗಿರಲಿ. ಎಸಿಯನ್ನು 22ಕ್ಕೆ ಇಟ್ಟು ಹೊದಿಕೆ ಹೊದ್ದು ಮಲಗುವ ಬದಲು 27ಕ್ಕೆ ಇಡಿ, ಮೇಲೆ ಫ್ಯಾನು ನಿಧಾನವಾಗಿ ತಿರುಗಲಿ. ಮೈಗೆ 24 ಇದ್ದ ಹಾಗೆ ಅನ್ನಿಸುತ್ತದೆ. ಎಸಿ ಪ್ರತಿ ಒಂದು ಡಿಗ್ರಿ ಮೇಲೆ ಹೋದಾಗಲೂ ಅದರ ಕರೆಂಟು ಸುಮಾರು ನೂರಕ್ಕೆ ಆರರಷ್ಟು ಇಳಿಯುತ್ತದೆ ಅನ್ನುವುದು ಸಾಮಾನ್ಯವಾಗಿ ಹಾಕುವ ಲೆಕ್ಕ. ಐದು ಡಿಗ್ರಿಗೆ ಎಷ್ಟಾಯಿತು ನೋಡಿ. ಫ್ಯಾನಿನ 30 ವ್ಯಾಟು ಅದರ ಮುಂದೆ ಏನೂ ಅಲ್ಲ.

ಫ್ಯಾನಿನ ವೇಗದ ಬಗ್ಗೆ ಒಂದೇ ಮಾತು. ವೇಗ ಅರ್ಧಕ್ಕೆ ಇಳಿದರೆ ಗಾಳಿ ತಳ್ಳಲು ಬೇಕಾಗುವ ಶಕ್ತಿ ಎಂಟನೇ ಒಂದಕ್ಕೆ ಇಳಿಯುತ್ತದೆ. ಆದರೆ ಮುಟ್ಟಿದರೆ ಬಿಸಿಯಾಗಿರುವ ಹಳೆ ಡಬ್ಬಿ ರೆಗ್ಯುಲೇಟರ್ ಇದ್ದರೆ, ಉಳಿದ ಕರೆಂಟಿನಲ್ಲಿ ಒಂದು ಪಾಲನ್ನು ಅದೇ ಸುಟ್ಟುಹಾಕುತ್ತದೆ. ಬದಲಾಯಿಸಿ.

ಈಗ ಕಿಟಕಿ. ನನಗೆ ಹೆಚ್ಚು ಪ್ರೀತಿ ಇರುವ ಭಾಗ ಇದು.

ಅಮ್ಮ ಮುಟ್ಟಿದ ಆ ಗೋಡೆಗೆ ಹೋಗೋಣ. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಒಂದು ಕೋಣೆ ಅಂದುಕೊಳ್ಳಿ. ಅದರೊಳಗಿನ ಗಾಳಿಯ ತೂಕ ಎಷ್ಟಿರಬಹುದು? ಸುಮಾರು 43 ಕಿಲೋ. ಗಾಳಿಗೂ ತೂಕ ಇದೆ, ಆದರೆ ಇಷ್ಟೇ. ಇನ್ನು ಅದೇ ಕೋಣೆಯ ಒಂದೇ ಒಂದು ಉದ್ದನೆ ಗೋಡೆ, ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಸುಮಾರು 5,000 ಕಿಲೋ. ಆ ಒಂದು ಗೋಡೆ ಹಿಡಿದಿಟ್ಟುಕೊಳ್ಳುವ ಶಾಖ ಕೋಣೆಯ ಇಡೀ ಗಾಳಿ ಹಿಡಿಯುವುದರ ನೂರು ಪಟ್ಟು ಹತ್ತಿರ. ಉಳಿದ ಮೂರು ಗೋಡೆ, ನೆಲ, ತಾರಸಿ ಬೇರೆ.

ಇದು ಗೊತ್ತಾದರೆ ಎಷ್ಟೋ ಒಗಟು ಬಿಡಿಸಿಕೊಳ್ಳುತ್ತವೆ. ಎಸಿ ಹಾಕಿದ ಹತ್ತು ನಿಮಿಷಕ್ಕೆ ಕೋಣೆ ತಂಪಾಗುತ್ತದೆ, ಆರಿಸಿದ ಹತ್ತು ನಿಮಿಷಕ್ಕೆ ಮತ್ತೆ ಸೆಕೆ, ಅಲ್ವಾ? ತಂಪಾದದ್ದು ಆ 43 ಕಿಲೋ ಗಾಳಿ ಮಾತ್ರ. ಗೋಡೆಯ ಜ್ವರ ಇಳಿದಿರಲಿಲ್ಲ. ಎಸಿಯ "ಟನ್ನು" ಅಂದರೆ ಎಸಿಯ ತೂಕ ಅಲ್ಲ. ಹಿಂದೆ ಐಸಿನಿಂದಲೇ ತಂಪು ಮಾಡುತ್ತಿದ್ದ ಕಾಲದ ಅಳತೆ ಅದು. ಅಮೆರಿಕದ ಟನ್ನಿನ ಲೆಕ್ಕದಲ್ಲಿ, ಅಂದರೆ 907 ಕಿಲೋ ಐಸು, ದಿನವೊಂದರಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು. ಈಗಿನ ಲೆಕ್ಕದಲ್ಲಿ 3,500 ವ್ಯಾಟ್. ಒಂದೂವರೆ ಟನ್ನಿನ ಎಸಿ ತನ್ನ ಪೂರ್ತಿ ಬಲವನ್ನು ಬರೀ ಆ ಒಂದು ಗೋಡೆಯ ಮೇಲೆ ಹಾಕಿದರೂ ಅದನ್ನು ಒಂದು ಡಿಗ್ರಿ ಇಳಿಸಲು ಹದಿಮೂರು ಹದಿನಾಲ್ಕು ನಿಮಿಷ ಬೇಕು. ಇಡೀ ಕೋಣೆಯ ಇಟ್ಟಿಗೆ ಕಾಂಕ್ರೀಟು ಲೆಕ್ಕ ಹಿಡಿದರೆ ಡಿಗ್ರಿಗೆ ಒಂದು ಗಂಟೆಗೂ ಮಿಗಿಲು. ರಾತ್ರಿಯಿಡೀ ಎಸಿ ಹೋರಾಡುವುದು ಗಾಳಿಯ ಜೊತೆ ಅಲ್ಲ, ಹಗಲಿಡೀ ಬಿಸಿಲು ಕುಡಿದ ಗೋಡೆಯ ಜೊತೆ.

ಈ ಕೆಲಸವನ್ನು ಕಿಟಕಿ ಮಾಡಬಲ್ಲದಾ? ಮತ್ತೊಂದು ಲೆಕ್ಕ ನೋಡಿ. ಒಂದು ಚದರ ಮೀಟರ್ ತೆರೆದ ಜಾಗ. ಅದರ ಮೂಲಕ ಸೆಕೆಂಡಿಗೆ ಅರ್ಧ ಮೀಟರ್ ವೇಗದ ಗಾಳಿ. ಪರದೆ ಸ್ವಲ್ಪ ಅಲುಗುವಷ್ಟು, ಅಷ್ಟೇ. ಆ ಕೋಣೆಯ ಗಾಳಿಯೆಲ್ಲ ಒಂದೂಕಾಲು ನಿಮಿಷದೊಳಗೆ ಬದಲಾಗುತ್ತದೆ. ಹೊರಗೆ ಐದು ಡಿಗ್ರಿ ತಂಪಿದ್ದರೆ ಆ ಮೆಲುಗಾಳಿ ಹೊತ್ತೊಯ್ಯುವ ಶಾಖ 3,000 ವ್ಯಾಟಿನಷ್ಟು. ಹೆಚ್ಚುಕಮ್ಮಿ ಒಂದು ಟನ್ನಿನ ಎಸಿ! ಅದೂ ರಾತ್ರಿಯಿಡೀ, ಸದ್ದಿಲ್ಲದೆ, ಮೀಟರು ತಿರುಗದೆ.

ಆದರೆ ಗಾಳಿ ಒಳಗೆ ಬರಬೇಕಾದರೆ ಹೊರಗೆ ಹೋಗಲು ದಾರಿ ಬೇಕು. ಬಾಯಿ ಮುಚ್ಚಿದ ಸೀಸೆಯೊಳಗೆ ಊದಿದರೆ ಗಾಳಿ ಹೋಗುತ್ತದಾ? ಒಂದೇ ಕಿಟಕಿ ತೆರೆದು "ಗಾಳಿನೇ ಬರಲ್ಲ" ಅನ್ನುವವರೇ ಜಾಸ್ತಿ. ಎದುರು ಗೋಡೆಯಲ್ಲಿ ಇನ್ನೊಂದು ಕಿಟಕಿ ಇದ್ದರೆ ಅದನ್ನು ತೆರೆಯಿರಿ. ಇಲ್ಲದಿದ್ದರೆ ಕೋಣೆಯ ಬಾಗಿಲು ತೆರೆದು, ಹಜಾರ ದಾಟಿ ಆಚೆ ಬದಿಯ ಕಿಟಕಿ ತೆರೆಯಿರಿ. ಬಾಗಿಲು ಮುಚ್ಚಿ ಮಲಗುವವರಿಗೆ ಬಾಗಿಲ ಮೇಲೆ ಒಂದು ಗವಾಕ್ಷಿ ಇದ್ದರೂ ಸಾಕು. ಹೊರಹೋಗುವ ದಾರಿ ಒಳಬರುವ ದಾರಿಗಿಂತ ಚಿಕ್ಕದಾಗಿರಬಾರದು, ದೊಡ್ಡದಿದ್ದರೆ ಇನ್ನೂ ಒಳ್ಳೆಯದು. ಮತ್ತೆ, ಜಾರುವ ಗಾಜಿನ ಕಿಟಕಿಗಳಲ್ಲಿ ಎಷ್ಟು ತೆರೆದರೂ ಅರ್ಧವೇ ತೆರೆದಿರುತ್ತದೆ. ಮನೆ ಕಟ್ಟಿಸುವವರು ಇಲ್ಲಿದ್ದರೆ, ಬಾಗಿಲಿನಂತೆ ಪೂರ್ತಿ ತೆರೆಯುವ ಕಿಟಕಿಯನ್ನೇ ಕೇಳಿ ಹಾಕಿಸಿ.

ಗಾಳಿ ಎತ್ತ ಹೋಗುತ್ತಿದೆ ಅಂತ ತಿಳಿಯಲು ಪರದೆಯನ್ನೇ ನೋಡಬಹುದು. ಪರದೆ ಒಳಗೆ ಉಬ್ಬಿದರೆ ಗಾಳಿ ಅಲ್ಲಿಂದ ಬರುತ್ತಿದೆ. ಸರಳಿಗೆ ಅಂಟಿಕೊಂಡರೆ ಅಲ್ಲಿಂದ ಹೋಗುತ್ತಿದೆ. ತೀರಾ ಮೆಲುಗಾಳಿ ಆದರೆ ತೆಳು ಕಾಗದದ ಒಂದು ಪಟ್ಟಿ ಕತ್ತರಿಸಿ ಕಿಟಕಿಯ ಸರಳಿಗೆ ದಾರದಿಂದ ಕಟ್ಟಿ. ಅಮ್ಮನ ಕೋಣೆಯಲ್ಲಿ ನಾನು ಹಾಗೆ ಕಟ್ಟಿದ್ದೆ. ಒಂದು ವಾರ ನೋಡಿದ ಮೇಲೆ ಗೊತ್ತಾಯಿತು, ಕಿಟಕಿಗೆ ಅಡ್ಡವಾಗಿ ನಿಂತ ಬಟ್ಟೆ ಬೀರುವೇ ಮುಕ್ಕಾಲು ಪಾಲು ಗಾಳಿ ತಡೆಯುತ್ತಿತ್ತು. ಬೀರು ಸರಿಸಿದ ದಿನ ಆ ಕಾಗದ ಪಟಪಟ ಅಂತ ಬಡಿದುಕೊಳ್ಳತೊಡಗಿತು. ಅಮ್ಮ ಅದನ್ನು ನೋಡುತ್ತಾ ಕೂತುಬಿಟ್ಟರು.

ಹೊರಗೆ ಗಾಳಿಯೇ ಆಡದ ರಾತ್ರಿಗಳೂ ಇರುತ್ತವೆ. ಆಗ ಫ್ಯಾನನ್ನು ಕಿಟಕಿಯ ಕೆಲಸಕ್ಕೆ ಹಚ್ಚಬಹುದು. ಟೇಬಲ್ ಫ್ಯಾನನ್ನು ಒಳಮುಖ ಇಡಬೇಡಿ, ಹೊರಮುಖ ಇಡಿ. ಮನೆಯ ಬಿಸಿಯಾದ ಬದಿಯ ಕಿಟಕಿಯಲ್ಲಿ ಫ್ಯಾನು ಹೊರಗೆ ಊದಲಿ. ತಂಪಾದ ಬದಿಯ, ಅಂದರೆ ನೆರಳು ಇರುವ, ಗಿಡಮರ ಇರುವ ಕಡೆಯ ಕಿಟಕಿಗಳು ತೆರೆದಿರಲಿ. ಅಲ್ಲಿಂದ ತಂಪು ಗಾಳಿ ತಾನಾಗಿ ಒಳಗೆ ಬರುತ್ತದೆ. ಫ್ಯಾನನ್ನು ಕಿಟಕಿಗೆ ಅಂಟಿಸಿ ಇಡುವ ಬದಲು ಎರಡು ಮೂರು ಅಡಿ ಹಿಂದೆ ಇಟ್ಟರೆ, ಓಡುವ ಗಾಳಿ ಅಕ್ಕಪಕ್ಕದ ಗಾಳಿಯನ್ನೂ ಸೆಳೆದುಕೊಂಡು ಹೊರಗೆ ಹೋಗುತ್ತದೆ. ಒಂದೇ ಒಂದು ಜೋಪಾನ: ಮನೆಯೊಳಗೆ ಗ್ಯಾಸ್ ಗೀಸರ್ ಇದ್ದರೆ, ಎಲ್ಲ ಕಿಟಕಿ ಮುಚ್ಚಿ ಹೊರಮುಖದ ಫ್ಯಾನು ಹಾಕಬೇಡಿ. ಫ್ಯಾನು ಎಳೆಯುವ ಜೋರಿಗೆ ಗೀಸರಿನ ವಿಷದ ಹೊಗೆ ಮನೆಯೊಳಗೆ ತಿರುಗಿ ಬರಬಹುದು.

ಮಹಡಿ ಮನೆಯವರಿಗೆ ಇನ್ನೊಂದು ಅನುಕೂಲ ಇದೆ. ಬಿಸಿ ಗಾಳಿ ಹಗುರ, ಮೇಲೇರುತ್ತದೆ. ರಾತ್ರಿ ಕೆಳಗಿನ ಕಿಟಕಿ, ಮೆಟ್ಟಿಲ ತುದಿಯ ಕಿಟಕಿ ಎರಡೂ ತೆರೆದರೆ ಇಡೀ ಮನೆ ಒಂದು ಚಿಮಣಿ ಆಗುತ್ತದೆ. ಇರಾನಿನ ಯಜ್ದ್ ಊರಿನ ಜನ ಇಂಥ ತಿಳಿವಳಿಕೆಯ ಮೇಲೆಯೇ ಗಾಳಿಗೋಪುರಗಳನ್ನು ಕಟ್ಟಿದರು. ಅಲ್ಲಿನ ದೌಲತಾಬಾದ್ ತೋಟದ ಗೋಪುರ 33 ಮೀಟರಿಗೂ ಎತ್ತರ. ಮರುಭೂಮಿಯ ಊರಿನಲ್ಲಿ, ಕರೆಂಟು ಅನ್ನುವುದು ಹುಟ್ಟುವ ಮುಂಚೆ! ಈಚಿನದು ಬೇಕೆಂದರೆ ಜಿಂಬಾಬ್ವೆಯ ಹರಾರೆಯಲ್ಲಿ 1996ರಲ್ಲಿ ತೆರೆದ ಈಸ್ಟ್‌ಗೇಟ್ ಸೆಂಟರ್ ನೋಡಿ. ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಅಷ್ಟು ದೊಡ್ಡ ಕಚೇರಿ ಕಟ್ಟಡವನ್ನು ಮಾಮೂಲಿ ಎಸಿ ವ್ಯವಸ್ಥೆ ಇಲ್ಲದೆ ಕಟ್ಟಿಸಿದರು. ರಾತ್ರಿಯ ತಂಪು ಗಾಳಿಯನ್ನು ಫ್ಯಾನುಗಳು ಒಳಗೆ ಹಾಯಿಸಿ ಕಾಂಕ್ರೀಟನ್ನು ತಣಿಸುತ್ತವೆ. ಹಗಲು ಆ ಕಾಂಕ್ರೀಟೇ ಕಟ್ಟಡವನ್ನು ತಂಪಾಗಿ ಇಡುತ್ತದೆ. ಗೋಡೆಗೆ ಜ್ವರ ಬರುವ ಹಾಗೆ ಗೋಡೆಗೆ ತಂಪನ್ನೂ ತುಂಬಿಸಿಡಬಹುದು. ನಾವು ಮಲಗುವ ಕೋಣೆಯಲ್ಲೂ ಇದೇ ಆಗುತ್ತದೆ.

ಹೀಗೆ ತುಂಬಿಸಿಟ್ಟ ತಂಪು ಬೆಳಗ್ಗೆ ಸೋರಿಹೋಗಬಾರದು. ಇಲ್ಲಿ ಎಡವುವವರು ತುಂಬ. "ಸೆಕೆ ಅಂತ ಹಗಲೆಲ್ಲ ಕಿಟಕಿ ತೆಗೆದಿಟ್ಟೆ, ಆದರೂ ಮನೆ ಕುದೀತು" ಅಂತಾರೆ. ಹೊರಗಿನ ಗಾಳಿ ಒಳಗಿಗಿಂತ ಬಿಸಿ ಇರುವಾಗ ಕಿಟಕಿ ತೆರೆದರೆ ಬಿಸಿಯೇ ಬರುತ್ತದೆ. ಗಾಳಿ ಬಂದಾಗ ತೂರಿಕೋ ಅನ್ನುವ ಮಾತು ಕಿಟಕಿಗೂ ಸಲ್ಲುತ್ತದೆ. ತಂಪು ಗಾಳಿ ಇರುವ ಹೊತ್ತಿನಲ್ಲಿ ತೂರಿಕೊಳ್ಳಬೇಕು, ಉಳಿದ ಹೊತ್ತು ಮುಚ್ಚಬೇಕು. ಹೊರಗಿನ ಥರ್ಮಾಮೀಟರ್ ಒಳಗಿನದನ್ನು ದಾಟುವ ಹೊತ್ತಿಗೆ ಕಿಟಕಿ ಮುಚ್ಚಿ, ಪರದೆ ಎಳೆಯಿರಿ. ಒಳಗೆ ಫ್ಯಾನು ಹಾಕಿಕೊಳ್ಳಿ.

ಅದಕ್ಕಿಂತ ಮುಖ್ಯ, ಬಿಸಿಲು ಗಾಜಿಗೆ ಬೀಳದಂತೆ ನೋಡಿಕೊಳ್ಳುವುದು. ನೇರ ಬಿಸಿಲು ಬೀಳುವ ಒಂದು ಚದರ ಮೀಟರ್ ಗಾಜಿನಿಂದ 600 ವ್ಯಾಟಿಗೂ ಮಿಗಿಲು ಶಾಖ ಒಳಗೆ ಬರಬಹುದು. ಹೀಟರು ಹಚ್ಚಿಟ್ಟ ಹಾಗೆ. ಒಳಗಿನ ಪರದೆ ಸ್ವಲ್ಪ ತಡೆಯುತ್ತದೆ, ಆದರೆ ಅಷ್ಟು ಹೊತ್ತಿಗೆ ಬಿಸಿಲು ಗಾಜು ದಾಟಿ ಒಳಗೆ ಬಂದಾಗಿರುತ್ತದೆ. ಅದೇ ಪರದೆಯನ್ನು ಗಾಜಿನ ಹೊರಗೆ ಹಾಕಿದರೆ ಶಾಖ ಹೊರಗೇ ಉಳಿಯುತ್ತದೆ. ಚಾಪೆ, ತಟ್ಟಿ, ದಪ್ಪ ಬಟ್ಟೆ, ಬಳ್ಳಿ, ಯಾವುದಾದರೂ ಸರಿ, ಹೊರಗೆ ಇರಲಿ. ತಾರಸಿಗೆ ಬಿಳಿ ಬಣ್ಣ ಬಳಿಯುವುದೂ ಇದೇ ಲೆಕ್ಕದ್ದು.

ಈಗ ನಿಜ ಹೇಳಬೇಕಾದ ಒಂದು ಕಷ್ಟ. ಜಿಗುಟು ಹವೆ. ಗಾಳಿಯಲ್ಲಿ ನೀರಿನಂಶ ತುಂಬಿದ ದಿನಗಳಲ್ಲಿ ಕಿಟಕಿಯ ಉಪಾಯ ಅರ್ಧವೇ ನಡೆಯುತ್ತದೆ. ಫ್ರಿಜ್ಜಿನಿಂದ ತಂದ ನೀರಿನ ಬಾಟಲಿಯನ್ನು ಕಿಟಕಿ ಹತ್ತಿರ ಇಡಿ. ಕ್ಷಣದಲ್ಲಿ ಅದರ ಮೈಯೆಲ್ಲ ಹನಿಗಟ್ಟಿ, ತಳದಲ್ಲಿ ನೀರು ನಿಂತರೆ ಗಾಳಿಯಲ್ಲಿ ತೇವ ಜಾಸ್ತಿ ಇದೆ ಅಂತ ಅರ್ಥ. ಅಂಥ ರಾತ್ರಿ ಕಿಟಕಿ ತೆರೆದು ಫ್ಯಾನಿನ ಕೆಳಗೆ ಮಲಗಲು ಆಗುತ್ತದೆ ಅಂದರೆ ಹಾಗೇ ಮಲಗಿ. ಆಗುವುದಿಲ್ಲ ಅಂದರೆ ಸಂಜೆಯೇ ತೀರ್ಮಾನ ಮಾಡಿ, ಕಿಟಕಿ ಮುಚ್ಚಿ ಎಸಿ ಹಾಕಿ. ನಡುರಾತ್ರಿಯವರೆಗೆ ಕಿಟಕಿ ತೆರೆದಿಟ್ಟು ಆಮೇಲೆ ಎಸಿ ಹಾಕುವುದು ಮಾತ್ರ ಬೇಡ. ಹಾಸಿಗೆ, ಬಟ್ಟೆ, ಪುಸ್ತಕ, ಎಲ್ಲವೂ ತೇವ ಕುಡಿದಿರುತ್ತವೆ. ಎಸಿ ಮೊದಲು ಆ ನೀರನ್ನೆಲ್ಲ ಹಿಂಡಿ ತೆಗೆಯಬೇಕು. ಎಸಿ ಹುಟ್ಟಿದ್ದೇ ಆ ಕೆಲಸಕ್ಕೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ ಅದನ್ನು ರೂಪಿಸಿದ್ದು ಜನರ ಸೆಕೆ ಕಳೆಯಲು ಅಲ್ಲ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳ ಅಚ್ಚು ಸಾಲು ತಪ್ಪುತ್ತಿತ್ತು. ಅದನ್ನು ಸರಿಪಡಿಸಲು.

ಇಷ್ಟೆಲ್ಲ ಯಾಕೆ, ಬಿಲ್ಲು ಕಟ್ಟುವ ಶಕ್ತಿ ಇದೆ, ಹಾಕಿಕೊಳ್ಳುತ್ತೇನೆ ಅಂತ ಯಾರಾದರೂ ಅಂದರೆ ನನಗೆ ಕೋಪ ಇಲ್ಲ. ಆದರೆ ಎಸಿಯ ಹೊರಗಿನ ಡಬ್ಬಿಯ ಮುಂದೆ ಒಂದು ನಿಮಿಷ ನಿಂತು ನೋಡಿ ಅಂತ ಕೇಳಿಕೊಳ್ಳುತ್ತೇನೆ. ಕೋಣೆಯಿಂದ ತೆಗೆದ ಐದು ಸಾವಿರ ವ್ಯಾಟ್ ಶಾಖ, ತಾನು ತಿಂದ ಒಂದೂವರೆ ಸಾವಿರ, ಎರಡನ್ನೂ ಸೇರಿಸಿ ಅದು ಬೀದಿಗೆ ಸುರಿಯುತ್ತದೆ. ಪಕ್ಕದ ಮನೆಯವರ ಕಿಟಕಿಗೆ. ಅವರು ಆ ಬಿಸಿಗೆ ಕಿಟಕಿ ಮುಚ್ಚುತ್ತಾರೆ. ಆಮೇಲೆ ಅವರೂ ಎಸಿ ತರುತ್ತಾರೆ. ಇದು ಬೀದಿಯ ಕಥೆ. ಲೋಕದ ಕಥೆಯನ್ನು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2018ರಲ್ಲಿ ಹೇಳಿತು: ಆಗ ಜಗತ್ತಿನಲ್ಲಿ 160 ಕೋಟಿ ಎಸಿಗಳಿದ್ದವು, ಹೀಗೇ ನಡೆದರೆ 2050ಕ್ಕೆ 560 ಕೋಟಿ ಆಗುತ್ತವೆ.

ನಮ್ಮ ಮೈಯೂ ಬದಲಾಗುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ರಿಚರ್ಡ್ ಡಿ ಡಿಯರ್ ಮತ್ತು ಗೇಲ್ ಬ್ರೇಗರ್ ಅನ್ನುವ ಇಬ್ಬರು ಸಂಶೋಧಕರು ನಾಲ್ಕು ಖಂಡಗಳ 160 ಕಟ್ಟಡಗಳಿಂದ ಬಂದ ಸುಮಾರು 21,000 ಅಳತೆಗಳನ್ನು ಕೂಡಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಿಟಕಿ ತೆರೆದು ಬದುಕುವವರಿಗೆ ಹಿತ ಅನ್ನಿಸುವ ಸೆಕೆ ಹೊರಗಿನ ಹವೆಯ ಜೊತೆ ಮೇಲೇರುತ್ತದೆ. ಹೊರಗೆ ಸರಾಸರಿ 30 ಡಿಗ್ರಿ ಇರುವ ತಿಂಗಳಲ್ಲಿ ಅವರ ಸೂತ್ರ ಹೇಳುವ ಹಿತದ ಮಟ್ಟ 27. ಮುಚ್ಚಿದ ಎಸಿ ಕಟ್ಟಡದವರಿಗೆ ಆ ತಾಳಿಕೆ ಬೆಳೆಯುವುದಿಲ್ಲ. ಕಿಟಕಿ ತೆರೆಯುವ ಹಿಡಿ ನಮ್ಮ ಕೈಯಲ್ಲೇ ಇದೆ ಅನ್ನುವುದೇ ಅರ್ಧ ತಂಪು ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಘಟನೆ ಹೇಳದೆ ಮುಗಿಸಲಾರೆ. 1995ರ ಜುಲೈನಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಕೆಲವೇ ದಿನಗಳ ಬಿಸಿಗಾಳಿಗೆ ಏಳುನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳ ಮಂದಿ ಒಂಟಿಯಾಗಿದ್ದ ಮುದುಕರು, ಬಡವರು, ಮೇಲಿನ ಮಹಡಿಗಳಲ್ಲಿ ಇದ್ದವರು. ಎಸಿ ಇರಲಿಲ್ಲ, ಅಥವಾ ಓಡಿಸಲು ದುಡ್ಡಿರಲಿಲ್ಲ. ಕಳ್ಳಕಾಕರ ಭಯಕ್ಕೆ ಕಿಟಕಿ ಬಾಗಿಲು ಮುಚ್ಚಿಕೊಂಡಿದ್ದವರೂ ಇದ್ದರು. ಈ ಸಂಗತಿ ಓದಿದ ದಿನದಿಂದ ಕಿಟಕಿಯ ಸರಳು, ಚಿಲಕ, ಸೊಳ್ಳೆ ಜಾಲರಿಗಳನ್ನು ನಾನು ಚಿಲ್ಲರೆ ವಿಷಯ ಅಂತ ನೋಡುವುದಿಲ್ಲ. ಭಯವಿಲ್ಲದೆ ತೆರೆದಿಡಲು ಆಗುವ ಕಿಟಕಿ ಇದ್ದರೆ ಮಾತ್ರ ಈ ಉಪಾಯವೆಲ್ಲ. ಗಟ್ಟಿ ಸರಳು ಹಾಕಿಸಿ. ಮಕ್ಕಳಿರುವ ಮನೆಯಲ್ಲಿ ಇನ್ನೂ ಗಟ್ಟಿ. ಜಾಲರಿ ಹಾಕಿಸಿದವರು ತಿಂಗಳಿಗೊಮ್ಮೆ ತೊಳೆಯಿರಿ, ಧೂಳು ಹಿಡಿದ ಜಾಲರಿ ಗಾಳಿಗೆ ಗೋಡೆಯೇ.

ನನ್ನ ಮಾತು ಇಷ್ಟು. ಕೊನೆಯಲ್ಲಿ ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಸೇರಿಸಿದ್ದೇನೆ.

ಒಬ್ಬರು ಕೇಳಿದರು, "ನಮ್ಮ ಬೀದಿಯಲ್ಲಿ ರಾತ್ರಿ ಕಸ ಸುಡುತ್ತಾರೆ, ಕಿಟಕಿ ತೆರೆದರೆ ಹೊಗೆ. ಏನು ಮಾಡಲಿ?" ಹೊಗೆ ಇರುವಾಗ ತೆರೆಯಬೇಡಿ ಅಂದೆ. ಉಸಿರಾಟಕ್ಕಿಂತ ಕರೆಂಟು ಹೆಚ್ಚಲ್ಲ. ಹೊಗೆ ಕರಗುವ ಹೊತ್ತು ಗಮನಿಸಿ. ಸಾಮಾನ್ಯವಾಗಿ ಬೆಳಗಿನ ಜಾವ ಅತಿ ತಂಪು ಹೊತ್ತು, ಎರಡು ಗಂಟೆ ತೆರೆದರೂ ಗೋಡೆಗೆ ಲಾಭ ಇದೆ.

ಒಬ್ಬ ಹುಡುಗಿ ಕೇಳಿದಳು, "ಎಸಿ ಹಾಕಿದಾಗ ಹೊಸ ಗಾಳಿ ಬರುತ್ತಲ್ವಾ ಸಾರ್?" ಇಲ್ಲಮ್ಮ. ಮನೆಯಲ್ಲಿ ಗೋಡೆಗೆ ಹಾಕುವ ಸಾಮಾನ್ಯ ಸ್ಪ್ಲಿಟ್ ಎಸಿ ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ. ಹೊರಗಿನ ಡಬ್ಬಿಗೂ ಒಳಗಿನ ಡಬ್ಬಿಗೂ ನಡುವೆ ಹೋಗುವುದು ತಂಪು ಮಾಡುವ ಅನಿಲದ ಕೊಳವೆ ಮಾತ್ರ, ಗಾಳಿ ಅಲ್ಲ. ಮುಚ್ಚಿದ ಕೋಣೆಯಲ್ಲಿ ಇಬ್ಬರು ರಾತ್ರಿಯಿಡೀ ಮಲಗಿದರೆ ಬೆಳಗ್ಗೆ ಅಲ್ಲಿರುವುದು ಅವರೇ ಬಿಟ್ಟ ಉಸಿರು. ಎದ್ದಾಗ ತಲೆ ಭಾರ ಅನ್ನಿಸಿದರೆ ಮೊದಲು ಕಿಟಕಿ ತೆಗೆದು ನೋಡು ಅಂದೆ.

ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ನಿಂತು, "ನಿಮ್ಮ ತಾಯಿಯವರ ಕೋಣೆ ಈಗ ಹೇಗಿದೆ?" ಅಂದರು. ಎಸಿ ಈಗಲೂ ಗೋಡೆಯ ಮೇಲಿದೆ. ಬೇಸಿಗೆಯ ತೀರಾ ಕೆಟ್ಟ ರಾತ್ರಿಗಳಲ್ಲಿ 27ಕ್ಕೆ ಇಟ್ಟು ಮಲಗುವ ಹೊತ್ತಿಗೆ ಒಂದೆರಡು ಗಂಟೆ ಹಾಕುತ್ತೇವೆ. ಉಳಿದ ದಿನ ಸಂಜೆ ಅಮ್ಮನೇ ಎರಡೂ ಥರ್ಮಾಮೀಟರ್ ನೋಡುತ್ತಾರೆ. ಹೊರಗಿನದು ಕೆಳಗಿಳಿದ ಕೂಡಲೇ ಕೆಳಗೆ ಕೂಗಿ ಹೇಳುತ್ತಾರೆ, "ಇಳೀತು ಕಣೋ, ಆ ಕಡೆ ಕಿಟಕಿ ತೆಗಿ."